ಗಿಲ್ಬರ್ಟ್ ಹಿಲ್ ಕೆಳಗೆ ಏನುಂಟು? – ನೆಲದ ಒಳಗನ್ನು ಕೇಳಿ ತಿಳಿಯುವ ಬಗೆ

(ಅಂಧೇರಿಯಲ್ಲಿ ಕನ್ನಡದ ಕೇಳುಗರ ಮುಂದೆ ಆಡಿದ ಮಾತಿನ ಲಿಖಿತ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೇವೆ.)

ಭಾನುವಾರದ ಸಂಜೆ, ಅದೂ ಮೆಗಾ ಬ್ಲಾಕ್ ಇರೋ ದಿನ, ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಇವತ್ತಿನ ಮಾತು ಶುರುವಾಗಿದ್ದು ಒಂದು ಪ್ರಶ್ನೆಯಿಂದ. ನನಗೆ ಗೊತ್ತಿರೋ ಹಿರಿಯರೊಬ್ಬರು ಇದ್ದಾರೆ, ಉಡುಪಿ ಕಡೆಯವರು, ಬಹಳ ವರ್ಷ ಅಂಧೇರಿಯಲ್ಲೇ ಹೋಟೆಲ್ ನಡೆಸಿದವರು. ಒಂದು ದಿನ ಗಿಲ್ಬರ್ಟ್ ಹಿಲ್ ಹತ್ತಿರ ನಿಂತು ಕೇಳಿದ್ರು: "ಅಲ್ಲ ಮಾರಾಯ್ರೆ, ಈ ಕಲ್ಲು ಇಷ್ಟು ಎತ್ತರ ಉಂಟಲ್ಲ, ಇದರ ಕೆಳಗೆ ಏನುಂಟು?" ನಾನು "ಇನ್ನೂ ಕಲ್ಲು" ಅಂದೆ. "ಅದರ ಕೆಳಗೆ?" ಅಂದ್ರು. "ಬೇರೆ ಥರದ ಕಲ್ಲು." ಆಗ ಅವರು ನಕ್ಕು ಕೇಳಿದ್ರು: "ನೀವು ಹೋಗಿ ನೋಡಿ ಬಂದಿದ್ದೀರಾ?"

ಇಲ್ಲ. ಯಾರೂ ಹೋಗಿ ನೋಡಿಲ್ಲ. ನೋಡದೇ ಇರೋದರ ಬಗ್ಗೆ ನಾವು ಇಷ್ಟು ಧೈರ್ಯವಾಗಿ ಹೇಗೆ ಮಾತಾಡ್ತೀವಿ, ಆ ಧೈರ್ಯ ಎಲ್ಲಿವರೆಗೆ ಸರಿ, ಎಲ್ಲಿ ನಿಲ್ಲಿಸಬೇಕು, ಇದೇ ಇವತ್ತಿನ ವಿಷಯ. ಕೊನೆಗೆ ಅದನ್ನ ನಮ್ಮ ನಿಮ್ಮ ಬಿಲ್ಡಿಂಗಿನ ಅಡಿಪಾಯಕ್ಕೆ ತಂದು ಮುಟ್ಟಿಸ್ತೀನಿ.

ಎಷ್ಟು ಆಳಕ್ಕೆ ಇಳಿದಿದ್ದೀವಿ?

ಮೊದಲು ಒಂದು ಅಂದಾಜು ಇರಲಿ. ನಮ್ಮ ಕೋಲಾರದ ಚಿನ್ನದ ಗಣಿ ಗೊತ್ತಲ್ಲ, 2001ರಲ್ಲಿ ಮುಚ್ಚಿತು. ಅಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಮನುಷ್ಯರು ಸುಮಾರು 3.2 ಕಿಲೋಮೀಟರ್ ಆಳದವರೆಗೆ ಇಳಿದು ಕೆಲಸ ಮಾಡಿದ್ರು. ಆ ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ರಷ್ಯಾದ ಕೋಲಾ ಅನ್ನೋ ಕಡೆ ಬರೀ ರಂಧ್ರ ಕೊರೆಯೋದಕ್ಕೇ ಕೊರೆದರು. 1989ರ ಹೊತ್ತಿಗೆ 12 ಕಿಲೋಮೀಟರ್ ಮತ್ತು ಸ್ವಲ್ಪ. ಅಲ್ಲಿಗೆ ನಿಂತಿತು. ಕಾವು ಜಾಸ್ತಿಯಾಗಿ ಮುಂದಕ್ಕೆ ಕೊರೆಯೋದಕ್ಕೆ ಆಗಲಿಲ್ಲ.

ಈಗ ಭೂಮಿಯ ಲೆಕ್ಕ ನೋಡಿ. ಮೇಲ್ಮೈಯಿಂದ ನಡುಮಧ್ಯಕ್ಕೆ ಸುಮಾರು 6,370 ಕಿಲೋಮೀಟರ್. ಅದರಲ್ಲಿ ಹೊರಪದರ, ಅಂದ್ರೆ ಕ್ರಸ್ಟ್, ನಮ್ಮ ಕಡೆ ಸುಮಾರು 35ರಿಂದ 50 ಕಿಲೋಮೀಟರ್ ದಪ್ಪ. ಭೂಮಿ ಒಂದು ಹಲಸಿನ ಹಣ್ಣು ಅಂದುಕೊಂಡ್ರೆ ಇದು ಅದರ ಸಿಪ್ಪೆಗಿಂತಲೂ ತೆಳು. ಆ ಸಿಪ್ಪೆಯಲ್ಲೂ ಅತಿ ಆಳದ ರಂಧ್ರ ಅರ್ಧಕ್ಕೆ ತಲುಪಿಲ್ಲ.

ಹಲಸಿನ ಹಣ್ಣು ಅಂತ ಸುಮ್ಮನೆ ಹೇಳಲಿಲ್ಲ. ಹಲಸು ಬೆಳೆದಿದೆಯಾ ಇಲ್ಲವಾ ಅಂತ ನಮ್ಮ ಅಮ್ಮ, ಅಜ್ಜಿ ಹೇಗೆ ನೋಡ್ತಿದ್ರು? ಕೊಯ್ದು ನೋಡ್ತಿರಲಿಲ್ಲ. ಕೈಯಿಂದ ಬಡಿದು ಕಿವಿ ಕೊಡ್ತಿದ್ರು. ಕಾಯಿಗೆ ಒಂದು ಸದ್ದು, ಬೆಳೆದ ಹಣ್ಣಿಗೆ ಇನ್ನೊಂದು ಸದ್ದು. ಸೈಸ್ಮಿಕ್ ಸರ್ವೆ ಅಂದ್ರೆ ಇದೇ. ನೆಲವನ್ನ ಒಂದು ಕಡೆ ಬಡಿಯೋದು, ಬೇರೆ ಬೇರೆ ಕಡೆ ಕಿವಿ ಇಟ್ಟು ಕೇಳೋದು. ಆ ಕಿವಿಯ ಹೆಸರು ಜಿಯೋಫೋನ್. ಮುಷ್ಟಿಯಷ್ಟು ದೊಡ್ಡ ಉಪಕರಣ, ನೆಲಕ್ಕೆ ಚುಚ್ಚಿ ನಿಲ್ಲಿಸ್ತಾರೆ. ಬಡಿಯೋದಕ್ಕೆ ಚಿಕ್ಕ ಕೆಲಸವಾದ್ರೆ ಸುತ್ತಿಗೆ ಸಾಕು. ದೊಡ್ಡ ಕೆಲಸಕ್ಕೆ ರಂಧ್ರ ಕೊರೆದು ಸಿಡಿಮದ್ದು ಇಡ್ತಾರೆ, ಇಲ್ಲವೇ ನೆಲವನ್ನ ನಡುಗಿಸೋ ಭಾರಿ ಲಾರಿಗಳನ್ನ ತರ್ತಾರೆ. ಸಮುದ್ರದಲ್ಲಿ ಒತ್ತಿದ ಗಾಳಿಯನ್ನ ಒಮ್ಮೆಲೇ ನೀರಿಗೆ ಬಿಡ್ತಾರೆ.

ಸ್ಲೋ ಟ್ರೇನು, ಫಾಸ್ಟ್ ಟ್ರೇನು

ಸದ್ದು ಕೇಳಿಸಿಕೊಂಡ ಮಾತ್ರಕ್ಕೆ ಆಳ ಹೇಗೆ ಗೊತ್ತಾಗುತ್ತೆ? ಎರಡು ದಾರಿ ಇದೆ.

ಒಂದು, ಪ್ರತಿಧ್ವನಿ. ಅಲೆ ಕೆಳಗೆ ಹೋಗಿ ಒಂದು ಪದರಕ್ಕೆ ಬಡಿದು ವಾಪಸ್ ಬರುತ್ತೆ. ಹೋಗಿ ಬರೋದಕ್ಕೆ 2 ಸೆಕೆಂಡ್ ಆಯ್ತು, ಆ ಕಲ್ಲಿನಲ್ಲಿ ಅಲೆಯ ವೇಗ ಸೆಕೆಂಡಿಗೆ 2 ಕಿಲೋಮೀಟರ್ ಅಂದ್ರೆ ಪದರ ಇರೋದು 2 ಕಿಲೋಮೀಟರ್ ಆಳದಲ್ಲಿ. ಅಮೆರಿಕದ ಒಕ್ಲಹೋಮದಲ್ಲಿ 1921ರಲ್ಲಿ ಕಾರ್ಚರ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯವರು ಇದನ್ನ ಮಾಡಿ ತೋರಿಸಿದ್ರು. ಎಣ್ಣೆ ಹುಡುಕೋರ ಮುಖ್ಯ ಸಾಧನ ಇವತ್ತಿಗೂ ಇದೇ.

ಇನ್ನೊಂದು ದಾರಿ ಸ್ವಲ್ಪ ಜಾಣತನದ್ದು. ಇದನ್ನ ಅಂಧೇರಿಯವರಿಗೆ ಹೇಳೋದು ಬಹಳ ಸುಲಭ.

ಅಂಧೇರಿಯಿಂದ ವಿಲೇಪಾರ್ಲೆಗೆ ಹೋಗಬೇಕು. ಏನು ಮಾಡ್ತೀರಿ? ಎದುರಿಗಿರೋ ಸ್ಲೋ ಹತ್ತುತೀರಿ. ಫಾಸ್ಟ್‌ಗೋಸ್ಕರ ಸೇತುವೆ ಹತ್ತಿ ಇಳಿಯೋರು ಯಾರೂ ಇಲ್ಲ, ಅದು ಅಲ್ಲಿ ನಿಲ್ಲೋದೂ ಇಲ್ಲ. ಅದೇ ಚರ್ಚ್‌ಗೇಟ್‌ಗೆ ಹೋಗಬೇಕು ಅಂದ್ರೆ? ಸೇತುವೆ ಹತ್ತಿ, ನೂಕುನುಗ್ಗಲಲ್ಲಿ ಇಳಿದು, ಫಾಸ್ಟ್ ಹಿಡೀತೀರಿ. ಸೇತುವೆ ಹತ್ತೋದಕ್ಕೆ ಐದು ನಿಮಿಷ ಹಾಳಾದ್ರೂ ಕೊನೆಗೆ ಸ್ಲೋದಲ್ಲಿ ಹೋದವರಿಗಿಂತ ಮೊದಲು ತಲುಪ್ತೀರಿ. ಹತ್ತಿರದ ಸ್ಟೇಷನ್ನಿಗೆ ಸ್ಲೋ ಮೊದಲು, ದೂರದ ಸ್ಟೇಷನ್ನಿಗೆ ಫಾಸ್ಟ್ ಮೊದಲು.

ಕಂಪನದ ಅಲೆಯೂ ಹೀಗೇ. ಹೊರಪದರದ ಕಲ್ಲಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6ರಿಂದ 6.5 ಕಿಲೋಮೀಟರ್. ಅದರ ಕೆಳಗಿನ ಪದರ ಮ್ಯಾಂಟಲ್, ಅಲ್ಲಿ ಸುಮಾರು 8 ಕಿಲೋಮೀಟರ್. ಹತ್ತಿರದಲ್ಲಿ ಕೂತವರಿಗೆ ಮೇಲಿಂದ ಮೇಲೆ ಬಂದ ಅಲೆ ಮೊದಲು ಮುಟ್ಟುತ್ತೆ. ದೂರದಲ್ಲಿ ಕೂತವರಿಗೆ ಕೆಳಗಿಳಿದು, ಮ್ಯಾಂಟಲ್‌ನ ಅಂಚಿನಲ್ಲಿ ಓಡಿ, ಮತ್ತೆ ಮೇಲೆ ಬಂದ ಅಲೆ ಮೊದಲು ಮುಟ್ಟುತ್ತೆ. ಹೊರಪದರ 35 ಕಿಲೋಮೀಟರ್ ದಪ್ಪ ಇದ್ರೆ, ಫಾಸ್ಟ್ ಅಲೆ ಸ್ಲೋ ಅಲೆಯನ್ನ ಹಿಂದೆ ಹಾಕೋ ಜಾಗ ಸುಮಾರು 200 ಕಿಲೋಮೀಟರ್ ದೂರದಲ್ಲಿ ಬರುತ್ತೆ.

ಈಗ ಯೋಚನೆ ಮಾಡಿ. ಒಬ್ಬರಿಗೆ ರೈಲು, ಹಳಿ, ಸೇತುವೆ ಯಾವುದೂ ಕಾಣಲ್ಲ. ಅವರು ಪ್ರತಿ ಸ್ಟೇಷನ್ನಿನ ಬಾಗಿಲಲ್ಲಿ ಒಬ್ಬೊಬ್ಬರನ್ನ ಗಡಿಯಾರ ಕೊಟ್ಟು ಕೂರಿಸಿದ್ದಾರೆ. ಅಂಧೇರಿಯಿಂದ ಹೊರಟವರು ಯಾವ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಮೊದಲು ಬಂದ್ರು ಅನ್ನೋದಷ್ಟೇ ಅವರಿಗೆ ಗೊತ್ತು. ಅಷ್ಟರಿಂದಲೇ ಅವರು ಹೇಳಬಲ್ಲರು: "ಎರಡು ಹಳಿ ಇದೆ, ಒಂದು ಫಾಸ್ಟು, ಇನ್ನೊಂದು ಸ್ಲೋ, ನಡುವೆ ಒಂದು ಸೇತುವೆ ಇದೆ, ದಾಟೋದಕ್ಕೆ ಇಷ್ಟು ಹೊತ್ತು ಬೇಕು." ಭೂಮಿಯ ಲೆಕ್ಕದಲ್ಲಿ ಆ ಸೇತುವೆಯೇ ಹೊರಪದರದ ದಪ್ಪ.

ಇದನ್ನ ಮೊದಲು ಕಂಡುಕೊಂಡವರು ಕ್ರೊಯೇಷಿಯಾದ ಆಂದ್ರಿಯಾ ಮೊಹೊರೊವಿಚಿಚ್. 1909ರ ಅಕ್ಟೋಬರ್ 8ರಂದು ಅವರ ಊರಿನ ಹತ್ತಿರ ಭೂಕಂಪ ಆಯ್ತು. ಕೆಲವು ಕೇಂದ್ರಗಳ ದಾಖಲೆಯಲ್ಲಿ ಮೊದಲ ಅಲೆ ಎರಡು ಸಲ ಬಂದ ಹಾಗೆ ಕಾಣ್ತಿತ್ತು. ಉಪಕರಣ ಕೆಟ್ಟಿದೆ ಅಂತ ಅವರು ಬಿಡಲಿಲ್ಲ. ಒಂದೇ ಭೂಕಂಪದ ಅಲೆ ಎರಡು ದಾರಿಯಲ್ಲಿ ಬಂದಿದೆ ಅಂತ ಲೆಕ್ಕ ಹಾಕಿದ್ರು. ಹೊರಪದರದ ತಳಕ್ಕೆ ಇವತ್ತಿಗೂ ಅವರದೇ ಹೆಸರು. ಇಡೀ ಹೆಸರು ಹೇಳೋದು ಕಷ್ಟ, ಎಲ್ಲರೂ "ಮೊಹೊ" ಅಂತಾರೆ.

ಕಾವಲಿಯಿಂದ ಉಡುಪಿವರೆಗೆ

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಕೂತವರಲ್ಲಿ ಉಡುಪಿ, ಕುಂದಾಪುರ, ಕಾರ್ಕಳದವರು ಎಷ್ಟು ಜನ? (ಬಹಳ ಕೈಗಳು ಮೇಲೇಳುತ್ತವೆ.) ನೋಡಿ, ನಾನು ಅಂದುಕೊಂಡ ಹಾಗೇ ಆಯ್ತು. ನಿಮಗೊಂದು ವಿಷಯ ಹೇಳ್ತೀನಿ, ಹೆಮ್ಮೆಪಡಬಹುದು. ಭಾರತದಲ್ಲಿ ಹೊರಪದರವನ್ನ ಬುಡದವರೆಗೆ ಅಳೆಯೋಕೆ ಹಾಕಿದ ಮೊದಲ ದೊಡ್ಡ ಗೆರೆ ಮುಗಿಯೋದು ನಿಮ್ಮ ಉಡುಪಿಯಲ್ಲೇ.

ಹೈದರಾಬಾದಿನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇದೆ, ಎನ್‌ಜಿಆರ್‌ಐ ಅಂತಾರೆ, 1961ರಲ್ಲಿ ಶುರುವಾಗಿದ್ದು. 1970ರ ದಶಕದ ಮೊದಲ ಭಾಗದಲ್ಲಿ, ಸೋವಿಯತ್ ಸಹಕಾರದಿಂದ, ಕೆ. ಎಲ್. ಕೈಲಾ ಅವರ ಮುಂದಾಳತ್ವದಲ್ಲಿ ಈ ಕೆಲಸ ಆಯ್ತು. ಆಂಧ್ರದ ಪೂರ್ವ ಕರಾವಳಿಯ ಕಾವಲಿಯಿಂದ ನಮ್ಮ ಪಶ್ಚಿಮ ಕರಾವಳಿಯ ಉಡುಪಿವರೆಗೆ, ಸುಮಾರು 600 ಕಿಲೋಮೀಟರ್. ಆ ಸಮುದ್ರದಿಂದ ಈ ಸಮುದ್ರದವರೆಗೆ! ಕಡಪದ ಹಳೇ ಕಲ್ಲಿನ ಪದರಗಳು, ಆಮೇಲೆ ಬಯಲುಸೀಮೆಯ ಗ್ರಾನೈಟು, ಚಿತ್ರದುರ್ಗದ ಪಟ್ಟಿ, ಮಲೆನಾಡು, ಘಟ್ಟ, ಕೊನೆಗೆ ಕರಾವಳಿ. ಒಂದು ಕಡೆ ಸಿಡಿಸೋದು, ಗೆರೆಯುದ್ದಕ್ಕೂ ಜಿಯೋಫೋನ್ ಇಟ್ಟು ಕೇಳೋದು, ಮತ್ತೆ ಮುಂದಕ್ಕೆ ಸಾಗೋದು.

ಏನು ಸಿಕ್ಕಿತು? ಮೊದಲನೇದು, ಬುಡ ಎಲ್ಲಿದೆ ಅಂತ. ಆಗಿನ ಲೆಕ್ಕದಲ್ಲಿ ಸುಮಾರು 35ರಿಂದ 40 ಕಿಲೋಮೀಟರ್. ಎರಡನೇದು ಇನ್ನೂ ಮುಖ್ಯ. ಹೊರಪದರ ಒಂದೇ ಹಾಸುಗಲ್ಲಿನ ಹಾಗೆ ಇರಲಿಲ್ಲ. ದೊಡ್ಡ ದೊಡ್ಡ ತುಂಡುಗಳಾಗಿ ಒಡೆದಿತ್ತು. ತುಂಡುಗಳ ನಡುವಿನ ಬಿರುಕುಗಳು ಮೇಲೆ ಮಾತ್ರ ಅಲ್ಲ, ಕೆಲವು ಬುಡದವರೆಗೆ ಇಳಿದಿದ್ದವು. ದಕ್ಷಿಣದ ಪ್ರಸ್ಥಭೂಮಿ ಅಂದ್ರೆ ಅಲ್ಲಾಡದ ಗಟ್ಟಿ ಕಲ್ಲು ಅಂತ ಸ್ಕೂಲಿನಲ್ಲಿ ಓದಿದ್ದೀವಲ್ಲ? ಗಟ್ಟಿ ಹೌದು. ಆದ್ರೆ ಅದು ಜೋಡಿಸಿದ ಕಲ್ಲು.

ಮುಂದೆ 2000ದ ಆಸುಪಾಸಿನಿಂದ ಇನ್ನೊಂದು ವಿಧಾನ ಬಂತು. ಇದರಲ್ಲಿ ನಾವು ನೆಲ ಬಡಿಯೋದೇ ಇಲ್ಲ. ಜಗತ್ತಿನ ಯಾವುದೋ ಮೂಲೆಯ ಭೂಕಂಪದ ಅಲೆ ಬಂದು ನಮ್ಮ ಕಾಲ ಕೆಳಗಿನ ಮೊಹೊ ದಾಟುವಾಗ, ಅದರ ಒಂದು ಭಾಗ ಬೇರೆ ಜಾತಿಯ, ನಿಧಾನದ ಅಲೆಯಾಗಿ ಬದಲಾಗುತ್ತೆ. ಎರಡೂ ಬರೋ ಹೊತ್ತಿನ ವ್ಯತ್ಯಾಸ ಕೆಲವೇ ಸೆಕೆಂಡು. ಅದರಿಂದ ದಪ್ಪ ಲೆಕ್ಕ ಹಾಕ್ತಾರೆ. ಹೀಗೆ ನೋಡಿದಾಗ ಪೂರ್ವ ಕರ್ನಾಟಕದ ಕಡೆ ಸುಮಾರು 35 ಕಿಲೋಮೀಟರ್ ಅನ್ನೋದು ಹೊಂದಿಕೆಯಾಯ್ತು. ಚಿತ್ರದುರ್ಗದಿಂದ ಪಶ್ಚಿಮಕ್ಕೆ ಮಾತ್ರ ಹಲವು ಕಡೆ 45, 50ರ ಹತ್ತಿರ ಬಂತು. ಮೊದಲು ಅಂದುಕೊಂಡಿದ್ದಕ್ಕಿಂತ ದಪ್ಪ.

ಹಾಗಾದ್ರೆ ಹಳೇದು ತಪ್ಪಾ? ತಪ್ಪು ಅನ್ನೋದಕ್ಕಿಂತ, ನಕ್ಷೆ ಅಂದ್ರೆ ಏನು ಅಂತ ನಾವು ಸರಿಯಾಗಿ ತಿಳೀಬೇಕು. ಇದು ಫೋಟೋ ಅಲ್ಲ. ನಮ್ಮ ಕೈಯಲ್ಲಿರೋದು ಬರೀ ಗಡಿಯಾರದ ಹೊತ್ತು. ಹೊತ್ತನ್ನ ಆಳವಾಗಿ ಬದಲಾಯಿಸಬೇಕಾದ್ರೆ ವೇಗ ಗೊತ್ತಿರಬೇಕು. ವೇಗದ ಅಂದಾಜು ಬದಲಾದ್ರೆ ಆಳವೂ ಬದಲಾಗುತ್ತೆ.

ಕಪ್ಪು ಕಲ್ಲಿನ ಮರೆ

ಈಗ ಮತ್ತೆ ಗಿಲ್ಬರ್ಟ್ ಹಿಲ್‌ಗೆ ಬರ್ತೀನಿ. ಸುಮಾರು 60 ಮೀಟರ್ ಎತ್ತರದ ಕಪ್ಪು ಬಸಾಲ್ಟ್ ಕಲ್ಲು, ಕಂಬ ಕಂಬವಾಗಿ ನಿಂತಿದೆ, ಮೇಲೆ ಗಾಂವ್‌ದೇವಿ ಗುಡಿ. ಆರು ಕೋಟಿ ವರ್ಷಕ್ಕೂ ಹಿಂದೆ ದಖ್ಖನ್‌ನಲ್ಲಿ ಲಾವಾ ಹರಿದ ಕಾಲದ ಕುರುಹು. ಉಡುಪಿಯವರಿಗೆ ಇದನ್ನ ನೋಡಿದ ತಕ್ಷಣ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೆನಪಾಗಬೇಕು. ಅಲ್ಲೂ ಇದೇ ಥರ ಕಂಬಗಳು. ಆದ್ರೆ ಅವು ಬೇರೆ ಮನೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 9 ಕೋಟಿ ವರ್ಷ ಹಳೇವು. ಕಂಬದ ಆಕಾರ ಬರೋದು ಬಿಸಿ ಕಲ್ಲು ಆರುವಾಗ ಕುಗ್ಗಿ ಬಿರುಕು ಬಿಡೋದರಿಂದ.

ಗಿಲ್ಬರ್ಟ್ ಹಿಲ್ ಒಂಟಿಯಾಗಿ ನಿಂತಿದೆ. ಆದ್ರೆ ಆ ಲಾವಾ ಇಡೀ ಮಹಾರಾಷ್ಟ್ರದ ಬಹುಭಾಗ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯನ್ನೂ ಹಾಸಿಗೆಯ ಹಾಗೆ ಮುಚ್ಚಿದೆ. ಈ ಹಾಸಿಗೆ ಸೈಸ್ಮಿಕ್ ಕೆಲಸದವರಿಗೆ ದೊಡ್ಡ ತಲೆನೋವು. ಯಾಕೆ?

ರೈಲಿನ ಮಾತಿಗೇ ವಾಪಸ್ ಬನ್ನಿ. ಸ್ಲೋ, ಫಾಸ್ಟ್ ಹಳಿಗಳ ನಡುವೆ ಇನ್ನೊಂದು ಹಳಿ ಇದೆ, ಅದರಲ್ಲಿ ಸ್ಲೋಗಿಂತಲೂ ನಿಧಾನದ ಗಾಡಿ ಓಡುತ್ತೆ ಅಂದುಕೊಳ್ಳಿ. ಆ ಗಾಡಿಯಲ್ಲಿ ಬಂದವರು ಯಾವ ಸ್ಟೇಷನ್ನಿಗೂ ಮೊದಲು ಬರಲ್ಲ. ಬಾಗಿಲಲ್ಲಿ ಕೂತವರು ಮೊದಲು ಬಂದವರನ್ನ ಮಾತ್ರ ಬರೆದುಕೊಳ್ತಾರೆ. ಹಾಗಾಗಿ ಆ ಹಳಿ ಇದೆ ಅನ್ನೋದೇ ಅವರಿಗೆ ಗೊತ್ತಾಗಲ್ಲ.

ಬಸಾಲ್ಟ್‌ನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಅದರ ಕೆಳಗೆ ಮರಳುಗಲ್ಲು, ಜೇಡಿಗಲ್ಲು ಇದ್ರೆ ವೇಗ ಅದಕ್ಕಿಂತ ಕಡಿಮೆ. ಅಂಥ ಪದರ ವಕ್ರೀಭವನದ ಲೆಕ್ಕಕ್ಕೆ ಸಿಗೋದೇ ಇಲ್ಲ, ಮರೆಯಾಗಿ ಕೂತುಬಿಡುತ್ತೆ. ಅಷ್ಟೇ ಅಲ್ಲ, ಅಲ್ಲಿ ಕಳೆದ ಹೊತ್ತನ್ನ ನಾವು ಗೊತ್ತಿಲ್ಲದೇ ಬಸಾಲ್ಟ್ ಲೆಕ್ಕಕ್ಕೆ ಸೇರಿಸಿಬಿಡ್ತೀವಿ. ಆಗ ತಳದ ಗ್ರಾನೈಟ್ ಇರೋದಕ್ಕಿಂತ ಆಳದಲ್ಲಿದೆ ಅಂತ ಬರುತ್ತೆ. ಪ್ರತಿಧ್ವನಿಯ ವಿಧಾನಕ್ಕೂ ಕಷ್ಟವೇ. ಒಂದರ ಮೇಲೊಂದು ಹರಿದ ಲಾವಾ ಪದರಗಳು ಸದ್ದನ್ನ ಅಲ್ಲಲ್ಲೇ ಚೆದುರಿಸಿ ಕಲಸಿಬಿಡುತ್ತವೆ. ಆ ಮರೆಯಾದ ಪದರದಲ್ಲಿ ಎಣ್ಣೆ, ಅನಿಲ ಇರಬಹುದು ಅನ್ನೋ ಆಸೆಯೂ ಇದೆ. ಅದಕ್ಕೇ ಇದರ ಮೇಲೆ ಇಷ್ಟು ಕೆಲಸ ನಡೀತಿದೆ.

ಸಮುದ್ರದ ಕಡೆ ನೋಡಿದ್ರೆ

ವರ್ಸೋವಾ ಬೀಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸುಮಾರು 160 ಕಿಲೋಮೀಟರ್ ಆಚೆ, ಮುಂಬೈಯ ವಾಯವ್ಯಕ್ಕೆ, ಬಾಂಬೆ ಹೈ. ಈಗ ಮುಂಬೈ ಹೈ ಅಂತಾರೆ. ಅಲ್ಲಿ ಸಮುದ್ರದ ತಳದ ಕೆಳಗೆ ಪದರಗಳು ಗುಮ್ಮಟದ ಹಾಗೆ ಉಬ್ಬಿವೆ ಅನ್ನೋದು 1960ರ ದಶಕದಲ್ಲಿ ಸೋವಿಯತ್ ಮತ್ತು ಭಾರತದ ತಂಡ ಹಡಗಿನಲ್ಲಿ ಮಾಡಿದ ಸೈಸ್ಮಿಕ್ ಸರ್ವೆಯಿಂದ ಗೊತ್ತಾಯ್ತು. ಗುಮ್ಮಟ ಅಂದ್ರೆ ಎಣ್ಣೆ ಮೇಲಕ್ಕೆ ಬಂದು ಸೇರಿಕೊಳ್ಳೋಕೆ ಒಳ್ಳೇ ಜಾಗ. ಆದ್ರೆ ಇದೆಯಾ ಇಲ್ಲವಾ? ಸೈಸ್ಮಿಕ್ ನಕ್ಷೆ ಆಕಾರ ಹೇಳಿತು. ಒಳಗೆ ಏನಿದೆ ಅಂತ ಹೇಳಲಿಲ್ಲ. ಸಮುದ್ರದಲ್ಲಿ ಕೊರೆಯೋ ಸಾಧನ ಆಗ ನಮ್ಮ ಹತ್ತಿರ ಇರಲಿಲ್ಲ. ಜಪಾನಿನಲ್ಲಿ ಕಟ್ಟಿದ ಸಾಗರ್ ಸಮ್ರಾಟ್ ಬಂದು, 1974ರ ಫೆಬ್ರವರಿಯಲ್ಲಿ ಕೊರೆದಾಗಲೇ ಎಣ್ಣೆ ಕಂಡಿದ್ದು. 1976ರಿಂದ ಉತ್ಪಾದನೆ.

ಬಡಿದು ಕೇಳಿದ ಮಾತು ಒಂದು ಕಡೆ, ಕೊಯ್ದು ನೋಡಿದ ಸತ್ಯ ಇನ್ನೊಂದು ಕಡೆ. ಎರಡೂ ಬೇಕು.

ಆ ಬೆಳಗಿನ ಜಾವ

ಈಗ ಕೊಯ್ನಾ. 1967ರ ಡಿಸೆಂಬರ್ 11, ಬೆಳಗಿನ ಜಾವ 4 ಗಂಟೆ 21 ನಿಮಿಷ. ತೀವ್ರತೆ 6.3. ಕೊಯ್ನಾನಗರದಲ್ಲಿ ಸುಮಾರು 200 ಜನ ತೀರಿಕೊಂಡ್ರು, ಸಾವಿರಾರು ಮನೆ ಬಿದ್ದವು. ಕೊಯ್ನಾ ಇಲ್ಲಿಂದ ನೇರ ಲೆಕ್ಕದಲ್ಲಿ ಸುಮಾರು 200 ಕಿಲೋಮೀಟರ್. ಮೊದಲ ಅಲೆ ಮುಂಬೈ ಮುಟ್ಟೋದಕ್ಕೆ ಅರ್ಧ ನಿಮಿಷ ಸಾಕು, ಜೋರಾಗಿ ಅಲ್ಲಾಡಿಸೋ ಎರಡನೇ ಅಲೆಗೆ ಸುಮಾರು ಒಂದು ನಿಮಿಷ. ಆ ಕಾಲದಲ್ಲಿ ಮುಂಬೈಯಲ್ಲಿದ್ದ ಹಿರಿಯರನ್ನ ಕೇಳಿ, ನಿದ್ದೆಯಿಂದ ಎದ್ದು ಹೊರಗೆ ಓಡಿದ ಕತೆ ಹೇಳ್ತಾರೆ.

ಅಲ್ಲಿವರೆಗೆ ನಂಬಿಕೆ ಏನಿತ್ತು? ದಖ್ಖನ್ ಗಟ್ಟಿ, ಇಲ್ಲಿ ದೊಡ್ಡ ಭೂಕಂಪ ಆಗಲ್ಲ ಅಂತ. ಆ ನಂಬಿಕೆ ಒಂದೇ ಬೆಳಗಿನಲ್ಲಿ ಮುರೀತು. ಅಣೆಕಟ್ಟಿನಲ್ಲಿ 1960ರ ದಶಕದ ಶುರುವಿನಲ್ಲಿ ನೀರು ತುಂಬೋಕೆ ತೊಡಗಿದ ಮೇಲೆ ಅಲ್ಲಿ ಸಣ್ಣ ಕಂಪನಗಳು ಶುರುವಾಗಿದ್ವು. ಜಲಾಶಯದ ನೀರು ಆಗಲೇ ಒತ್ತಡದಲ್ಲಿದ್ದ ಬಿರುಕನ್ನ ಕೆಣಕಿತು ಅನ್ನೋದಕ್ಕೆ ಕೊಯ್ನಾ ಜಗತ್ತಿನಲ್ಲೇ ದೊಡ್ಡ ಉದಾಹರಣೆ. ಅಲ್ಲಿ ಈಗಲೂ ಸಣ್ಣಪುಟ್ಟ ಕಂಪನ ಆಗ್ತಾನೇ ಇದೆ.

ಭೂಕಂಪದ ನಂತರ ಎನ್‌ಜಿಆರ್‌ಐ 1970ರ ದಶಕದಲ್ಲಿ ಅಲ್ಲೂ ಎರಡು ಗೆರೆ ಹಾಕಿತು. ಒಂದು ಗುಹಾಗರದಿಂದ ಚೋರೋಚಿಗೆ, ಇನ್ನೊಂದು ಕೇಳಶಿಯಿಂದ ಲೋಣಿಗೆ. ಎರಡೂ ಕೊಂಕಣ ಕರಾವಳಿಯಿಂದ ಘಟ್ಟ ದಾಟಿ ಒಳನಾಡಿಗೆ. ಲಾವಾ ಹಾಸಿಗೆ ಪೂರ್ವದಲ್ಲಿ ಕೆಲವು ನೂರು ಮೀಟರ್, ಪಶ್ಚಿಮ ಕರಾವಳಿಯ ಕಡೆಗೆ ಒಂದೂವರೆ ಕಿಲೋಮೀಟರ್‌ವರೆಗೆ ದಪ್ಪವಾಗ್ತಾ ಹೋಗುತ್ತೆ ಅಂತ ಲೆಕ್ಕ ಬಂತು. ಆದ್ರೆ ಅದರ ಕೆಳಗೆ ಮರೆಯಾದ ಪದರ ಇದೆಯಾ? ಹೇಳೋದು ಕಷ್ಟ.

ಉತ್ತರ ಸಿಕ್ಕಿದ್ದು ಕೊರೆದಾಗ. ಕೇಂದ್ರದ ಭೂವಿಜ್ಞಾನ ಸಚಿವಾಲಯದ ಯೋಜನೆಯಲ್ಲಿ ಕೊಯ್ನಾ ಪ್ರದೇಶದ ಸುತ್ತ ಮೊದಲು ಹಲವು ರಂಧ್ರ ಕೊರೆದರು, ಆಮೇಲೆ ಗೋಠಣೆ ಅನ್ನೋ ಹಳ್ಳಿಯಲ್ಲಿ 3 ಕಿಲೋಮೀಟರ್ ಆಳದ ರಂಧ್ರ. 2017ರಲ್ಲಿ ಮುಗೀತು. ಸುಮಾರು 1,250 ಮೀಟರ್ ಬಸಾಲ್ಟ್, ಅದು ಮುಗಿದ ಕೂಡಲೇ ಗ್ರಾನೈಟ್ ಜಾತಿಯ ಹಳೇ ಕಲ್ಲು. ನಡುವೆ ಮರಳುಗಲ್ಲಿನ ಮರೆಯ ಪದರ ಅಲ್ಲಿ ಇರಲಿಲ್ಲ. ಹಳೇ ಗೆರೆಗಳ ಅಂದಾಜು ಅಲ್ಲಿ ಚೆನ್ನಾಗಿಯೇ ಇತ್ತು. ಆ ಗ್ರಾನೈಟ್ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೇದು. ನಮ್ಮ ಧಾರವಾಡ ಸೀಮೆಯ ಕಲ್ಲಿನ ಬಳಗವೇ ಲಾವಾ ಕೆಳಗೆ ಉತ್ತರಕ್ಕೆ ಮುಂದುವರಿದಿದೆ ಅಂತ ನೋಡ್ತಾರೆ. ಅಂದ್ರೆ ಮೇಲೆ ಮಹಾರಾಷ್ಟ್ರ, ಕೆಳಗೆ ಕರ್ನಾಟಕ. ಇದನ್ನ ಹೊರಗೆ ಎಲ್ಲೂ ಹೇಳಬೇಡಿ, ಗಡಿ ವಿಷಯ ಮತ್ತೆ ಎದ್ದೀತು! (ನಗು)

ನಗೋಣ, ಆದ್ರೆ ಇನ್ನೊಂದು ಮಾತನ್ನ ಮರೆಯಬಾರದು. 1993ರ ಸೆಪ್ಟೆಂಬರ್ 30, ಕಿಲ್ಲಾರಿ. ಅಲ್ಲೂ ಬೆಳಗಿನ ಜಾವವೇ, 4 ಗಂಟೆಗೆ ನಾಲ್ಕು ನಿಮಿಷ ಮೊದಲು. ಸಾವಿರಾರು ಜನ ಹೋದ್ರು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ವು. ಬೀದರ್, ಕಲಬುರಗಿಯವರೂ ಆ ನಡುಕ ಅನುಭವಿಸಿದವರು. ಅಲ್ಲಿ ಆಮೇಲೆ ಕೊರೆದಾಗ ಬಸಾಲ್ಟ್ ಇದ್ದಿದ್ದು 338 ಮೀಟರ್ ಮಾತ್ರ. ಆ ಬಿರುಕು ಅಲ್ಲಿದೆ ಅಂತ ಮೊದಲೇ ಯಾರಿಗೂ ಗೊತ್ತಿರಲಿಲ್ಲ. ಕಪ್ಪು ಹಾಸಿಗೆಯ ಕೆಳಗೆ ಅದು ಮುಚ್ಚಿಕೊಂಡಿತ್ತು.

ಹಾಗಾಗಿ ಯಾರಾದ್ರೂ "ನಮ್ಮ ಕೆಳಗೆ ಗಟ್ಟಿ ಬಂಡೆ ಇದೆ, ಏನೂ ಆಗಲ್ಲ" ಅಂದ್ರೆ ಕೊಯ್ನಾ, ಕಿಲ್ಲಾರಿ ನೆನಪಿಸಿ. ಹಾಗೇ "ನಕ್ಷೆ ಇದೆಯಲ್ಲ, ಮುಂದಿನ ಭೂಕಂಪ ಯಾವಾಗ ಅಂತ ಹೇಳಿ" ಅಂದ್ರೆ ಅದೂ ಆಗಲ್ಲ. ಸೈಸ್ಮಿಕ್ ಸರ್ವೆ ಎಲ್ಲಿ, ಎಷ್ಟು ಆಳ, ಎಂಥ ಕಲ್ಲು ಅಂತ ಹೇಳುತ್ತೆ. ಯಾವಾಗ ಅಂತ ಹೇಳಲ್ಲ.

ನಮ್ಮ ಬಿಲ್ಡಿಂಗಿನ 30 ಮೀಟರ್

ಇಷ್ಟು ಹೊತ್ತು 40 ಕಿಲೋಮೀಟರ್ ಆಳದ ಮಾತಾಡಿದ್ವಿ. ಈಗ ಬರೀ 30 ಮೀಟರ್. ನಿಮ್ಮ ಮನೆಗೆ ಹೆಚ್ಚು ಮುಖ್ಯವಾದ ನಕ್ಷೆ ಇದೇ.

2001ರ ಜನವರಿ 26ರ ಭುಜ್ ಭೂಕಂಪ ನೆನಪಿದೆಯಲ್ಲ? ತೀವ್ರತೆ 7.7. ಅಹಮದಾಬಾದ್ ಅಲ್ಲಿಂದ 200 ಕಿಲೋಮೀಟರಿಗೂ ದೂರ. ಆದ್ರೂ ಅಲ್ಲಿ ಬಹುಮಹಡಿ ಕಟ್ಟಡಗಳು ಬಿದ್ವು. ಕಾರಣ ಎರಡು. ಕಟ್ಟಿದ್ದರಲ್ಲಿ ದೋಷ ಒಂದು, ನದಿ ತಂದು ಹಾಕಿದ ಮೆತ್ತನೆ ಮಣ್ಣು ಇನ್ನೊಂದು. ಮೆತ್ತನೆ ಮಣ್ಣಿನಲ್ಲಿ ಅಲೆ ನಿಧಾನವಾಗುತ್ತೆ, ನಿಧಾನವಾದಷ್ಟೂ ಅದರ ಓಲಾಟ ದೊಡ್ಡದಾಗುತ್ತೆ. ಗಟ್ಟಿ ನೆಲದಲ್ಲಿ ಸರಕ್ಕನೆ ದಾಟಿಹೋಗೋ ಅಲೆ ಕೆಸರಿನಲ್ಲಿ ತೂಗುಯ್ಯಾಲೆಯಾಗುತ್ತೆ.

ಅಂಧೇರಿಯಲ್ಲೂ ಎರಡೂ ಥರದ ನೆಲ ಇದೆ. ಗಿಲ್ಬರ್ಟ್ ಹಿಲ್ ಪಕ್ಕದಲ್ಲಿ ಕಾಲಿಟ್ಟರೆ ಬಂಡೆ. ಅಲ್ಲಿಂದ ಪಶ್ಚಿಮಕ್ಕೆ ಖಾಡಿ, ಮ್ಯಾಂಗ್ರೋವ್ ಕಡೆಗೆ ಹೋದ್ರೆ ಕೆಸರು, ಅದರ ಮೇಲೆ ಭರ್ತಿ ಮಾಡಿದ ಮಣ್ಣು. 2002ರಲ್ಲಿ ಪರಿಷ್ಕರಿಸಿದ ಭೂಕಂಪ ವಲಯದ ನಕ್ಷೆಯಲ್ಲಿ ಮುಂಬೈ ಪೂರ್ತಿ ಮೂರನೇ ವಲಯ, ಉಡುಪಿಯೂ ಅದೇ ವಲಯ. ಆದ್ರೆ ಆ ನಕ್ಷೆ ನಿಮ್ಮ ಸೊಸೈಟಿಯ ಗೇಟಿನ ಒಳಗೆ ಬಂಡೆ ಇದೆಯಾ ಕೆಸರಿದೆಯಾ ಅಂತ ಹೇಳಲ್ಲ.

ಅದನ್ನ ಹೇಳೋದು ಇದೇ ವಿದ್ಯೆ, ಚಿಕ್ಕ ಅಳತೆಯಲ್ಲಿ. ಸಿಡಿಮದ್ದು ಬೇಡ. ಒಂದು ದೊಡ್ಡ ಸುತ್ತಿಗೆ, ಒಂದು ಕಬ್ಬಿಣದ ತಟ್ಟೆ, ಸಾಲಾಗಿ ಇಟ್ಟ ಒಂದೆರಡು ಡಜನ್ ಜಿಯೋಫೋನ್. ಬಡಿಯೋದು, ಕೇಳೋದು. ಮೇಲಿನ 30 ಮೀಟರ್‌ನಲ್ಲಿ ಅಡ್ಡ ಅಲ್ಲಾಡಿಸೋ ಅಲೆಯ ವೇಗ ಎಷ್ಟು ಅಂತ ಗೊತ್ತಾಗುತ್ತೆ. ಕೆಸರಾದ್ರೆ ಸೆಕೆಂಡಿಗೆ ನೂರಿನ್ನೂರು ಮೀಟರ್, ಗಟ್ಟಿ ಬಂಡೆಯಾದ್ರೆ ಸಾವಿರದ ಹತ್ತಿರ ಅಥವಾ ಅದಕ್ಕೂ ಹೆಚ್ಚು. ಕಟ್ಟಡ ಎಷ್ಟು ಗಟ್ಟಿ ಇರಬೇಕು ಅನ್ನೋ ಲೆಕ್ಕಕ್ಕೆ ನೆಲದ ಜಾತಿ ಗೊತ್ತಿರಲೇಬೇಕು.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಈಗ ಅಂಧೇರಿಯಲ್ಲಿ ಗಲ್ಲಿ ಗಲ್ಲಿಯಲ್ಲೂ ರೀಡೆವಲಪ್‌ಮೆಂಟ್. ನಾಲ್ಕು ಮಹಡಿ ಇದ್ದಿದ್ದು ಇಪ್ಪತ್ತು ಮಹಡಿ ಆಗ್ತಿದೆ. ಸೊಸೈಟಿ ಮೀಟಿಂಗಿನಲ್ಲಿ ನಾವೆಲ್ಲ ಏನು ಕೇಳ್ತೀವಿ? ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚು ಕೊಡ್ತೀರಿ, ಬಾಡಿಗೆ ಎಷ್ಟು, ಪಾರ್ಕಿಂಗ್ ಎಷ್ಟು, ಜಿಮ್ ಇದೆಯಾ. ಕೇಳಿ, ಕೇಳಬೇಕು. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಮಣ್ಣಿನ ಪರೀಕ್ಷೆಯ ವರದಿ ತೋರಿಸ್ತೀರಾ? ಎಷ್ಟು ಕಡೆ ಕೊರೆದು ನೋಡಿದ್ದೀರಿ, ಬಂಡೆ ಎಷ್ಟು ಆಳಕ್ಕೆ ಸಿಕ್ಕಿತು? ಅಲೆಯ ವೇಗ ಅಳೆದಿದ್ದೀರಾ, ಅದನ್ನ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕಕ್ಕೆ ತೆಗೆದುಕೊಂಡಿದ್ದಾರಾ? ಉತ್ತರ ನಿಮಗೆ ಪೂರ್ತಿ ಅರ್ಥ ಆಗದೇ ಇದ್ರೂ ಪರವಾಗಿಲ್ಲ. ಕೇಳೋರು ಇದ್ದಾರೆ ಅಂತ ಗೊತ್ತಾದ್ರೆ ಕೆಲಸ ಮಾಡೋರು ಎಚ್ಚರದಿಂದ ಮಾಡ್ತಾರೆ. ಬೇರೆ ಎಂಜಿನಿಯರ್ ಒಬ್ಬರಿಗೆ ವರದಿ ತೋರಿಸೋ ಹಕ್ಕೂ ನಿಮಗಿದೆ. ಊರಿನಲ್ಲಿ ಮನೆ ಕಟ್ಟಿಸ್ತಿರೋರಿಗೂ ಇದೇ ಮಾತು. ಗದ್ದೆ ಮುಚ್ಚಿ ಮನೆ ಕಟ್ಟೋದು ಬೇರೆ, ಪಾದೆಯ ಮೇಲೆ ಕಟ್ಟೋದು ಬೇರೆ.

ಆ ಹಿರಿಯರ ಪ್ರಶ್ನೆಗೆ ಬರ್ತೀನಿ. "ನೀವು ಹೋಗಿ ನೋಡಿ ಬಂದಿದ್ದೀರಾ?" ಇಲ್ಲ ಸ್ವಾಮಿ, ಬಡಿದು ಕೇಳಿದ್ದೀವಿ. ಕೆಲವು ಕಡೆ ಸರಿಯಾಗಿ ಕೇಳಿಸಿದೆ, ಕೆಲವು ಕಡೆ ಕಪ್ಪು ಕಲ್ಲು ಅಡ್ಡ ಬಂದಿದೆ. ಎಲ್ಲಿ ಅಡ್ಡ ಬಂದಿದೆ ಅಂತ ಗೊತ್ತಿರೋದೂ ಒಂದು ತಿಳಿವಳಿಕೆಯೇ. ಮೊನ್ನೆ ಅವರಿಗೆ ಹೀಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಹಾಗಾದ್ರೆ ನಮ್ಮ ಸೊಸೈಟಿ ಮೀಟಿಂಗಿಗೆ ನೀವು ಒಮ್ಮೆ ಬರಬೇಕು."

ಹೋಗ್ತಿದ್ದೀನಿ. ನೀವೂ ನಿಮ್ಮ ನಿಮ್ಮ ಮೀಟಿಂಗಿನಲ್ಲಿ ಆ ಮೂರು ಪ್ರಶ್ನೆ ಕೇಳಿ.